ಹೊಂದದ ಲೆಕ್ಕ ತೋರಿಸಿದ ದಾರಿ

ಆಕಾಶಗಂಗೆಯ ತಟ್ಟೆಯಾಚೆ ವಿರಳವಾಗಿ ಹರಡಿರುವ ನಕ್ಷತ್ರಗಳಲ್ಲಿ ಎಷ್ಟೋ ಇಲ್ಲಿ ಹುಟ್ಟಿದವಲ್ಲ, ಅದು ನುಂಗಿದ ಸಣ್ಣ ಗ್ಯಾಲಕ್ಸಿಗಳ ಪಳೆಯುಳಿಕೆಗಳು. 1994ರಲ್ಲಿ ಖಗೋಳವಿಜ್ಞಾನಿಗಳಾದ ಇಬಾಟಾ, ಗಿಲ್ಮೋರ್ ಮತ್ತು ಇರ್ವಿನ್ ಪತ್ತೆಹಚ್ಚಿದ ಧನು ಕುಬ್ಜ ಗ್ಯಾಲಕ್ಸಿ ಈಗಲೂ ಹರಿದುಹೋಗುತ್ತಿದೆ. ಅದರ ಒಳಮಗ್ಗುಲಿಗೆ ಆಕಾಶಗಂಗೆಯ ಸೆಳೆತ ಹೆಚ್ಚು, ಹೊರಮಗ್ಗುಲಿಗೆ ಕಡಿಮೆ. ಹೀಗಾಗಿ ಎರಡೂ ಕಡೆಯಿಂದ ನಕ್ಷತ್ರಗಳು ಕಳಚಿಕೊಳ್ಳುತ್ತವೆ. ಒಳಗಿನವು ಬೇಗ ಸುತ್ತಿ ಮುಂದೆ ಹೋಗುತ್ತವೆ, ಹೊರಗಿನವು ಹಿಂದೆ ಬೀಳುತ್ತವೆ. ಕಡೆಗೆ ಆಕಾಶವನ್ನೇ ಬಳಸುವ ನಕ್ಷತ್ರಧಾರೆ ಉಳಿಯುತ್ತದೆ. ನೂರಾರು ಕೋಟಿ ವರ್ಷಗಳ ಈ ಘಟನೆಯ ಒಂದೇ ಒಂದು ಕ್ಷಣ ದೂರದರ್ಶಕಕ್ಕೆ ಸಿಗುತ್ತದೆ. ಉಳಿದದ್ದನ್ನು ಕಂಪ್ಯೂಟರಿನಲ್ಲೇ ನಡೆಸಿ ನೋಡಬೇಕು: ಗ್ಯಾಲಕ್ಸಿಯ ಬದಲು ಸಾವಿರಾರು ಕಣಗಳನ್ನಿಟ್ಟು, ಪ್ರತಿಯೊಂದರ ಮೇಲಿನ ಗುರುತ್ವವನ್ನು ಲೆಕ್ಕಹಾಕಿ, ತುಸು ಸರಿಸಿ, ಮತ್ತೆ ಲೆಕ್ಕಹಾಕುತ್ತಾ ಸಾಗಬೇಕು.

ಇಂಥ ಸಿಮ್ಯುಲೇಶನ್ನಿನಲ್ಲಿ ನಮಗೆ ಬೇಕಾದ್ದನ್ನು ತುಂಬಿ ಬೇಕಾದ ಉತ್ತರವನ್ನೇ ತೆಗೆಯಬಹುದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. 2010ರಲ್ಲಿ ಲಾ ಮತ್ತು ಮಜೆವ್‌ಸ್ಕಿ ಧನು ಧಾರೆಯ ಸ್ಥಾನ, ವೇಗಗಳೆರಡಕ್ಕೂ ಹೊಂದುವ ಮಾದರಿ ಕಟ್ಟಿದರು. ಆದರೆ ಅದಕ್ಕಾಗಿ ಆಕಾಶಗಂಗೆಯನ್ನು ಆವರಿಸಿದ, ಕಣ್ಣಿಗೆ ಕಾಣದ ಕಪ್ಪು ದ್ರವ್ಯಕ್ಕೆ ವಿಚಿತ್ರ ಆಕಾರ ಕೊಡಬೇಕಾಯಿತು: ಚಪ್ಪಟೆ ಉಂಡೆಯೊಂದು ನಕ್ಷತ್ರಗಳ ತಟ್ಟೆಗೆ ಅಡ್ಡಲಾಗಿ ನಿಂತ ಹಾಗೆ. ಅಂಥ ಉಂಡೆಯೊಳಗೆ ತಟ್ಟೆ ಸ್ಥಿರವಾಗಿ ನಿಲ್ಲದೆಂದು ಮುಂದಿನ ಲೆಕ್ಕಗಳು ಹೇಳಿದವು. ನನ್ನ ದೃಷ್ಟಿಯಲ್ಲಿ ಸಿಮ್ಯುಲೇಶನ್ನಿನ ನಿಜವಾದ ಬೆಲೆ ಇರುವುದು ಇಲ್ಲೇ. ಇಟ್ಟ ಊಹೆ ತಪ್ಪಾಗಿದ್ದರೆ ಅದು ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ.

ಗಾಯಾ ಉಪಗ್ರಹದ ಅಳತೆಗಳು ಬಂದಾಗ ಸಿಕ್ಕು ಇನ್ನೂ ಬಿಗಿಯಾಯಿತು. ಧಾರೆಯ ಮುಂಭಾಗದ ನಕ್ಷತ್ರಗಳು ಧಾರೆಯ ಗುಂಟ ಸಾಗದೆ ಓರೆಯಾಗಿ ಚಲಿಸುತ್ತಿದ್ದವು. ಕಪ್ಪು ದ್ರವ್ಯಕ್ಕೆ ಕೊಡುವ, ಕಾಲಕ್ಕೆ ತಕ್ಕಂತೆ ಬದಲಾಗದ ಯಾವ ಆಕಾರವೂ ಇದನ್ನು ವಿವರಿಸಲಾರದು. 2021ರಲ್ಲಿ ವಸಿಲಿಯೆವ್ ಮತ್ತು ಸಂಗಡಿಗರು ಲೆಕ್ಕಕ್ಕೆ ದೊಡ್ಡ ಮೆಜಲಾನಿಕ್ ಮೋಡ ಎಂಬ ನೆರೆಯ ಗ್ಯಾಲಕ್ಸಿಯನ್ನು ಸೇರಿಸಿದರು. ಆ ಓರೆ ಚಲನೆಗೆ ಕಾರಣ ಸಿಕ್ಕಿತು. ಆಕಾಶಗಂಗೆಯೇ ಆ ಮೋಡದ ಸೆಳೆತಕ್ಕೆ ಜಗ್ಗುತ್ತಿದೆ. ಇನ್ನೊಂದು ವಸ್ತು ಸೇರಿಸಿದರೆ ಯಾವ ಲೆಕ್ಕವಾದರೂ ಹೊಂದುತ್ತದೆ ಎನ್ನುವವರಿಗೆ ಉತ್ತರವಿದೆ. ಆ ಮೋಡ ದಕ್ಷಿಣದ ಆಕಾಶದಲ್ಲಿ ಬರಿಗಣ್ಣಿಗೇ ಕಾಣುತ್ತದೆ, ಯಾರೂ ಕಲ್ಪಿಸಿಕೊಂಡದ್ದಲ್ಲ. ಆ ಮೋಡಕ್ಕೆ ಧನು ಧಾರೆ ಕೇಳಿದ್ದು ಸುಮಾರು 13,000 ಕೋಟಿ ಸೂರ್ಯರಷ್ಟು ದ್ರವ್ಯರಾಶಿ. ಬೇರೆಯದೇ ಆದ ಆರ್ಫನ್ ಎಂಬ ನಕ್ಷತ್ರಧಾರೆಯಿಂದ 2019ರಲ್ಲಿ ಪಡೆದ ಸಂಖ್ಯೆ ಸುಮಾರು 14,000 ಕೋಟಿ. ಎರಡು ಬೇರೆ ಬೇರೆ ಸಾಕ್ಷಿಗಳು ಇಷ್ಟು ಹತ್ತಿರ ಬಂದ ಮೇಲೆ, ಮೆಜಲಾನಿಕ್ ಮೋಡವನ್ನು ಹೊರಗಿಟ್ಟ ಲೆಕ್ಕವನ್ನು ಧನು ಧಾರೆಯ ವಿವರಣೆಯೆಂದು ಒಪ್ಪುವಂತಿಲ್ಲ.