ನಿಂತ ವಿಮಾನ ಮತ್ತೆ ಹಾರೀತೇ?

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಅನುಭವ ಹೊಸದೇನಲ್ಲ. ಊರಿಗೆ ಬರುತ್ತಿದ್ದ ಬೆಳಗಿನ ಬಸ್ಸು ಒಂದು ದಿನ ಬರುವುದಿಲ್ಲ. ಎರಡು ದಿನ ಕಾದು, ಮೂರನೆಯ ದಿನ ವಿಚಾರಿಸಿದರೆ ‘ಕಲೆಕ್ಷನ್ ಸಾಲದು, ರೂಟ್ ನಿಲ್ಲಿಸಿದ್ದಾರೆ’ ಎಂಬ ಉತ್ತರ. ಶಾಲೆಯ ಮಕ್ಕಳು, ಸಂತೆಗೆ ಹೋಗುವವರು, ಆಸ್ಪತ್ರೆಗೆ ಹೊರಟ ಮುದುಕರು ಎಲ್ಲರೂ ಮುಖ್ಯರಸ್ತೆಯವರೆಗೆ ನಡೆಯಬೇಕು. ವರ್ಷ ಕಳೆದ ಮೇಲೆ ಅದೇ ಬಸ್ಸು ಮತ್ತೆ ಧೂಳೆಬ್ಬಿಸುತ್ತ ಬಂದರೂ ಬಂದೀತು.

ಸಾಗರ ದಾಟುವ ವಿಮಾನಗಳ ಕಥೆಯೂ ಹೆಚ್ಚುಕಡಿಮೆ ಇದೇ. ಮಗನನ್ನೋ ಮಗಳನ್ನೋ ಅಮೆರಿಕಕ್ಕೆ ಓದಲು ಕಳಿಸಿರುವ ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಇಂದು ಕೇಳಿಬರುವ ಪ್ರಶ್ನೆಯೂ ಅದೇ: ‘ಬೆಂಗಳೂರಿನಿಂದ ನೇರ ವಿಮಾನ ಇತ್ತಲ್ಲ, ಅದು ಮತ್ತೆ ಬರುತ್ತದೆಯೇ?’

ಈ ಪ್ರಶ್ನೆ ಸಣ್ಣದಲ್ಲ. ಕೆ.ವಿ. ಶಂಕರಗೌಡರ ಶ್ರಮದಿಂದ 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದಾಗಿನಿಂದ ರೈತರ ಮನೆಯ ಮಕ್ಕಳಿಗೂ ಎಂಜಿನಿಯರಾಗುವ ಬಾಗಿಲು ತೆರೆಯಿತು. ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಅಮೆರಿಕಕ್ಕೆ ದಾರಿ ಬೆಳೆಯಿತು. ಮಕ್ಕಳು ಹೇಗೋ ಹೋಗುತ್ತಾರೆ, ಬರುತ್ತಾರೆ. ಕಷ್ಟವೆಲ್ಲ ಅಪ್ಪ ಅಮ್ಮಂದಿರದು. ಮಗಳ ಬಾಣಂತನಕ್ಕೆಂದು ಒಬ್ಬಳೇ ಹೊರಡುವ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ತಾಯಿಗೆ ನೇರ ವಿಮಾನವೆಂದರೆ ನಾಲ್ಕಾರು ಗಂಟೆಯ ಉಳಿತಾಯವಲ್ಲ, ಧೈರ್ಯ. ಇಲ್ಲಿ ಹತ್ತಿದರೆ ಅಲ್ಲಿ ಇಳಿದರಾಯಿತು. ನಡುವೆ ಯಾರನ್ನೂ ಕೇಳಬೇಕಾಗಿಲ್ಲ.

<b>ಬಂತು, ನಿಂತಿತು, ಬಂತು, ನಿಂತಿತು</b>

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹಾರಾಟ ನಡೆಸುವ ಕನಸನ್ನು ಮೊದಲು ಜೋರಾಗಿ ಸಾರಿದ್ದು ಕಿಂಗ್‌ಫಿಷರ್ ಸಂಸ್ಥೆ. 2008ರಲ್ಲಿ ಬೆಂಗಳೂರು–ಲಂಡನ್ ಹಾರಾಟವನ್ನೇನೋ ಅದು ಆರಂಭಿಸಿತು. ಅದೂ ಬಹುಕಾಲ ಬಾಳಲಿಲ್ಲ. ಅಮೆರಿಕದ ಹಾರಾಟ ಕಾಗದದ ಮೇಲೆಯೇ ಉಳಿಯಿತು.

ಕನಸನ್ನು ನಿಜ ಮಾಡಿದ್ದು ಏರ್ ಇಂಡಿಯಾ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಮೊದಲ ವಿಮಾನ ಉತ್ತರ ಧ್ರುವದ ಮಾರ್ಗವಾಗಿ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ನಾಲ್ವರು ಪೈಲಟ್‌ಗಳೂ ಮಹಿಳೆಯರೇ. ಎರಡು ಊರುಗಳ ನಡುವಣ ನೇರ ದೂರ ಸುಮಾರು 14,000 ಕಿಲೋಮೀಟರು. ಬೋಯಿಂಗ್ 777-200ಎಲ್‌ಆರ್ ವಿಮಾನ, 238 ಆಸನ, ಹದಿನಾರು ಹದಿನೇಳು ಗಂಟೆಗಳ ಪಯಣ.

2022ರಲ್ಲಿ ಈ ಹಾರಾಟ ನಿಂತಿತು. ಅದೇ ವರ್ಷದ ಡಿಸೆಂಬರ್ 2ರಂದು ಮತ್ತೆ ಆರಂಭವಾಯಿತು. ಕೊನೆಗೆ, 2026ರ ಮಾರ್ಚ್ 1ರಿಂದ ಬೆಂಗಳೂರು ಮತ್ತು ಮುಂಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಇರುವುದಿಲ್ಲ, ದೆಹಲಿಯಿಂದ ಮಾತ್ರ ಇರುತ್ತದೆ ಎಂದು ಸಂಸ್ಥೆ ಪ್ರಕಟಿಸಿತು.

ಅಮೆರಿಕದ ಸಂಸ್ಥೆಗಳೂ ಬೆಂಗಳೂರಿನತ್ತ ಕಣ್ಣು ಹಾಕಿದ್ದವು. ಸಿಯಾಟಲ್‌ನಿಂದ ಬರುವುದಾಗಿ ಅಮೆರಿಕನ್ ಏರ್‌ಲೈನ್ಸ್, ಸ್ಯಾನ್ ಫ್ರಾನ್ಸಿಸ್ಕೋದಿಂದ ಬರುವುದಾಗಿ ಯುನೈಟೆಡ್ 2020ರಲ್ಲಿ ಹೇಳಿದ್ದವು. ಕೋವಿಡ್ ಅಡ್ಡ ಬಂತು. ಆ ಕಾಟ ಇಳಿಯುವ ಹೊತ್ತಿಗೆ ಉಕ್ರೇನ್ ಯುದ್ಧ. 2022ರಲ್ಲಿ ರಷ್ಯಾದ ಆಕಾಶ ಅಮೆರಿಕದ ವಿಮಾನಗಳಿಗೆ ಮುಚ್ಚಿಹೋಯಿತು. ಆ ಎರಡು ಹಾರಾಟಗಳೂ ಹುಟ್ಟಲೇ ಇಲ್ಲ.

<b>ಬುತ್ತಿಯ ಲೆಕ್ಕ</b>

ವಿಮಾನ ತುಂಬಿದ್ದರೂ ಹಾರಾಟ ನಷ್ಟವಾಗುವುದೇಕೆ? ವಿದ್ಯಾರ್ಥಿಗಳು ಗಮನಿಸಬೇಕಾದ ಭೌತಶಾಸ್ತ್ರ ಇಲ್ಲಿದೆ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟವರನ್ನು ನೆನೆಯಿರಿ. ದಾರಿಯಲ್ಲಿ ಅಲ್ಲಲ್ಲಿ ಊಟ ಸಿಕ್ಕರೆ ಹೆಗಲು ಹಗುರ. ಎಲ್ಲ ದಿನಗಳ ಬುತ್ತಿಯನ್ನೂ ಮೊದಲ ದಿನವೇ ಹೊತ್ತು ಹೊರಟರೆ? ಬುತ್ತಿ ಹೊರುವ ಆಯಾಸಕ್ಕೇ ಇನ್ನಷ್ಟು ಬುತ್ತಿ ಬೇಕಾಗುತ್ತದೆ!

ನೇರ ವಿಮಾನದ ಪಾಡೂ ಅಷ್ಟೆ. 777-200ಎಲ್‌ಆರ್‌ನ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರ್ ಇಂಧನ ಹಿಡಿಯುತ್ತದೆ. ತೂಕ 140 ಟನ್ನಿಗೂ ಹೆಚ್ಚು. ಕೊನೆಯ ಗಂಟೆಯ ಇಂಧನವನ್ನು ಹೊರಲು ಮೊದಲ ಗಂಟೆಯಿಂದಲೂ ಇಂಧನ ಉರಿಯಬೇಕು. ಇದಲ್ಲದೆ ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು. ರೆಕ್ಕೆಗೂ ಎಂಜಿನ್ನಿಗೂ ಸಿಗುವ ಬಲ ಕಡಿಮೆ. ಬಿಸಿಲಿನಲ್ಲಿ ಗಾಳಿ ಇನ್ನೂ ತೆಳುವಾಗುತ್ತದೆ. ತೂಕ ಮಿತಿ ಮೀರಿದರೆ ಸರಕನ್ನೋ ಪ್ರಯಾಣಿಕರನ್ನೋ ಬಿಟ್ಟು ಹೊರಡಬೇಕು. ಒಂದೇ ಹಾರಾಟಕ್ಕೆ ನಾಲ್ವರು ಪೈಲಟ್‌ಗಳ ಖರ್ಚು ಬೇರೆ.

ಇದರ ಮೇಲೆ ರಾಜಕೀಯ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮಕ್ಕೆ ಹೋಗುವ ಹಲವು ವಿಮಾನಗಳು ಸುತ್ತು ಹಾಕಬೇಕಾಯಿತು. ಸುತ್ತು ಎಂದರೆ ಇಂಧನ, ಇಂಧನ ಎಂದರೆ ಹಣ. ಇದರ ಜೊತೆಗೆ ವಿಮಾನಗಳ ಕೊರತೆಯೂ ಸೇರಿ, ಆ ವರ್ಷದ ಸೆಪ್ಟೆಂಬರ್ 1ರಿಂದ ಏರ್ ಇಂಡಿಯಾದ ದೆಹಲಿ–ವಾಷಿಂಗ್ಟನ್ ಹಾರಾಟ ನಿಂತಿತು.

<b>ಹೋದದ್ದು ಮರಳಿದ ಬಗೆ</b>

ಹಾಗಾದರೆ ಆಸೆ ಬಿಡಬೇಕೇ? ಅವಸರ ಬೇಡ. ಸಿಂಗಪುರದಿಂದ ನ್ಯೂಯಾರ್ಕ್ ಬಳಿಯ ನೆವಾರ್ಕ್‌ಗೆ ಸಿಂಗಪುರ ಏರ್‌ಲೈನ್ಸ್ 2004ರಲ್ಲಿ ನೇರ ಹಾರಾಟ ಆರಂಭಿಸಿತು. ನಾಲ್ಕು ಎಂಜಿನ್ನಿನ ಆ ವಿಮಾನ ಇಂಧನ ಕುಡಿದು ಕುಡಿದು ಲೆಕ್ಕ ತಪ್ಪಿಸಿತು. 2013ರಲ್ಲಿ ಹಾರಾಟ ನಿಂತಿತು. ಐದು ವರ್ಷ ಕಳೆದು 2018ರ ಅಕ್ಟೋಬರ್‌ನಲ್ಲಿ ಅದೇ ಮಾರ್ಗ ಮತ್ತೆ ತೆರೆಯಿತು. ಬದಲಾಗಿದ್ದು ವಿಮಾನ: ಎರಡೇ ಎಂಜಿನ್ನಿನ, ಹಗುರ ವಸ್ತುಗಳಿಂದ ಮಾಡಿದ ಏರ್‌ಬಸ್ ಎ350.

ಮರಳಿ ಬಾರದವೂ ಇವೆ. ಅಟ್ಲಾಂಟಿಕ್ ಸಾಗರವನ್ನು ಮೂರೂವರೆ ಗಂಟೆಯಲ್ಲಿ ದಾಟುತ್ತಿದ್ದ ಕಾಂಕಾರ್ಡ್ ಇಡೀ ಜಗತ್ತಿನ ಬೆರಗಾಗಿತ್ತು. ಶಬ್ದದ ಎರಡು ಪಟ್ಟು ವೇಗ. ದರವೂ ಹಾಗೆಯೇ ಆಕಾಶಕ್ಕೆ. 2000ದಲ್ಲಿ ಪ್ಯಾರಿಸ್ ಬಳಿ ಅಪಘಾತ ಸಂಭವಿಸಿತು, ಪ್ರಯಾಣಿಕರು ಇಳಿಮುಖವಾದರು, 2003ರಲ್ಲಿ ಅದು ಕೊನೆಯ ಬಾರಿ ನೆಲ ಮುಟ್ಟಿತು. ಅಂಥದೇ ವಿಮಾನ ಕಟ್ಟುವ ಪ್ರಯತ್ನ ಅಮೆರಿಕದಲ್ಲಿ ಮತ್ತೆ ನಡೆದಿದೆ. ಬೂಮ್ ಎಂಬ ಕಂಪನಿಯ ಪುಟ್ಟ ಪ್ರಾಯೋಗಿಕ ವಿಮಾನ 2025ರ ಜನವರಿಯಲ್ಲಿ ಶಬ್ದದ ವೇಗ ಮೀರಿತು. ಆದರೆ ಪ್ರಯೋಗಕ್ಕೂ ಟಿಕೆಟ್ಟಿಗೂ ನಡುವೆ ಬಹಳ ದೂರ.

ಈ ಉದಾಹರಣೆಗಳಿಂದ ತಿಳಿಯುವುದು ಇಷ್ಟು: ಬೇಡಿಕೆಯೊಂದೇ ಮಾರ್ಗವನ್ನು ಉಳಿಸದು. ಕಡಿಮೆ ಕುಡಿಯುವ ವಿಮಾನ, ತೆರೆದ ಆಕಾಶ, ಹತೋಟಿಯಲ್ಲಿರುವ ಇಂಧನದ ಬೆಲೆ, ಹೆಚ್ಚು ದರ ಕೊಡುವ ಒಂದಷ್ಟು ಪ್ರಯಾಣಿಕರು, ಈ ನಾಲ್ಕೂ ಕೂಡಿಬರಬೇಕು. ಏರ್ ಇಂಡಿಯಾ ಕೂಡ ಎ350 ವಿಮಾನಗಳನ್ನು ಕೊಳ್ಳುತ್ತಿದೆ. ಬೆಂಗಳೂರಿನಲ್ಲಿ ಪ್ರಯಾಣಿಕರ ಕೊರತೆ ಇಲ್ಲ. ಆದ್ದರಿಂದ ನೇರ ವಿಮಾನ ಮತ್ತೆ ಬರುವ ಸಾಧ್ಯತೆ ಇದೆ ಎಂಬುದು ಈ ಲೇಖಕನ ಅನಿಸಿಕೆ. ಯಾವಾಗ ಎಂದು ಹೇಳುವ ಜೋಯಿಸರು ಮಾತ್ರ ಇಲ್ಲ.

<b>ತಂದೆ ತಾಯಂದಿರಿಗೊಂದು ಮಾತು</b>

‘ನೇರ ವಿಮಾನ ಇರುವ ಊರಿನ ಕಾಲೇಜಿಗೇ ಸೇರಿಕೋ’ ಎಂದು ಮಕ್ಕಳಿಗೆ ಹೇಳುವವರನ್ನು ನೋಡಿದ್ದೇನೆ. ಪ್ರೀತಿಯ ಮಾತೇ, ಆದರೆ ಸರಿಯಾದ ಲೆಕ್ಕವಲ್ಲ. ಎಂ.ಎಸ್. ಓದು ಎರಡು ವರ್ಷ. ಅಷ್ಟರಲ್ಲಿ ಮಾರ್ಗ ಬರಬಹುದು, ಹೋಗಬಹುದು. ಕಲಿಸುವ ವಿಷಯ, ಶುಲ್ಕ, ವಿದ್ಯಾರ್ಥಿವೇತನ ನೋಡಿ ಕಾಲೇಜು ಆರಿಸಿ. ವಿಮಾನವನ್ನು ಆಮೇಲೆ ನೋಡೋಣ.

ನಡುವೆ ಇಳಿದು ಹತ್ತುವ ಪ್ರಯಾಣವೂ ಹೆದರುವಂಥದ್ದಲ್ಲ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇರಲಿ. ನಾಲ್ಕು ಕಾಸು ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರಿರುವುದಿಲ್ಲ. ವಿಮಾನ ಬದಲಿಸಲು ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಇಳಿಯುವ ದೇಶದಲ್ಲಿ ಟ್ರಾನ್ಸಿಟ್ ವೀಸಾ ಬೇಕೇ ಎಂದು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಪಡೆದು ಮತ್ತೆ ಒಪ್ಪಿಸಬೇಕು. ಒಳಗಿರುವ ತಿಂಡಿಯ ವಿಷಯ, ಮದ್ದೂರು ವಡೆಯೇ ಆಗಲಿ, ಮುಚ್ಚಿಡದೆ ಹೇಳಬೇಕು.

ನಡೆಯಲು ಕಷ್ಟವಾಗುವ ವಯಸ್ಸಾದವರಿಗೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಿ. ತಳ್ಳುವವರು ಮುಂದಿನ ವಿಮಾನದ ಬಾಗಿಲವರೆಗೂ ಕರೆದೊಯ್ಯುತ್ತಾರೆ. ಹೋಗಬೇಕಾದ ಊರು, ಮಕ್ಕಳ ದೂರವಾಣಿ ಸಂಖ್ಯೆ, ತೆಗೆದುಕೊಳ್ಳುವ ಔಷಧ ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಕೈಚೀಲದಲ್ಲಿರಲಿ. ಭಾಷೆ ಬಾರದಿದ್ದರೂ ಚೀಟಿ ಮಾತಾಡುತ್ತದೆ.

ಬಸ್ಸು ಬಾರದ ದಿನ ಮುಖ್ಯರಸ್ತೆಯವರೆಗೆ ನಡೆದು, ಬೇರೆ ಬಸ್ಸು ಹಿಡಿದು, ಗಂಟೆ ಬಾರಿಸುವ ಮುನ್ನ ಪರೀಕ್ಷೆಯ ಕೊಠಡಿ ಸೇರಿದ ಹುಡುಗ ಹುಡುಗಿಯರೇ ಇಂದು ಮಕ್ಕಳನ್ನು ಸಾಗರದಾಚೆ ಕಳಿಸುತ್ತಿರುವ ಅಪ್ಪ ಅಮ್ಮಂದಿರು. ದಾರಿ ಬಳಸಾದರೂ ಊರು ತಲುಪಬಹುದೆಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.