ಬಾವುಟಗುಡ್ಡೆಯ ಇಟಲಿ

ಜೆ.ಪಿ. ನಗರದಲ್ಲಿ ಈಗ ಇಟಲಿಗೆ ಹೋಗಿಬಂದವರಿಗೆ ಬರವಿಲ್ಲ. ಮೊನ್ನೆ ರಂಗಶಂಕರದಲ್ಲಿ ನಾಟಕ ಶುರುವಾಗುವ ಮುನ್ನ ಕಾಫಿ ಕುಡಿಯುತ್ತ ಕೂತಿದ್ದಾಗ ಪರಿಚಯದವರೊಬ್ಬರು ಮೊಬೈಲು ಚಾಚಿದರು. ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯ ಒಳಮಾಳಿಗೆ. ಅಲ್ಲಿ ಕತ್ತೆತ್ತಿ ನೋಡುವ ಕಷ್ಟ ಬೇಡವೆಂದು ಓರೆಯಾಗಿ ಒಂದು ಕನ್ನಡಿ ಇಟ್ಟಿದ್ದಾರೆ. ಕನ್ನಡಿಯೊಳಗಿನ ಮಾಳಿಗೆಯ ಜೊತೆ ತಮ್ಮ ಮುಖವೂ ಬರುವಂತೆ ಫೋಟೊ ತೆಗೆಸಿಕೊಳ್ಳಲು ಜನ ಸಾಲುಗಟ್ಟುತ್ತಾರೆ. ‘ಸಾಲಿನಲ್ಲೇ ಹೊತ್ತು ಹೋಯಿತು, ಬಸ್ಸಿನವನು ಕರೀತಿದ್ದ’ ಎಂದರು ಅವರು. ನಾನು ಆಗಷ್ಟೇ ಮಂಗಳೂರಿನಿಂದ ಬಂದಿದ್ದೆ. ಅವರ ಮೊಬೈಲಿನಲ್ಲಿದ್ದ ಮಾಳಿಗೆಯ ನೇರ ಸಂಬಂಧಿಯನ್ನು ಅಲ್ಲಿ ಅರ್ಧ ದಿನ ನೋಡಿ, ಕತ್ತು ನೋಯಿಸಿಕೊಂಡು ಬಂದಿದ್ದೆ. ಬೆಲ್ ಹೊಡೆದದ್ದರಿಂದ ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನವರು ಬಾವುಟಗುಡ್ಡೆ ಎನ್ನುವ ಲೈಟ್‌ಹೌಸ್ ಹಿಲ್ ಮೇಲೆ ಸಂತ ಅಲೋಶಿಯಸ್ ಕಾಲೇಜಿದೆ, ಅದರ ಆವರಣದಲ್ಲೊಂದು ಚಾಪೆಲ್ ಇದೆ ಎಂಬುದು ಕನ್ನಡಿಗರಿಗೆ ಹೊಸದಲ್ಲ. ಶಾಲಾ ಪ್ರವಾಸದಲ್ಲಿ ಅರ್ಧ ಕರ್ನಾಟಕ ಅದನ್ನು ನೋಡಿದೆ. ಪಣಂಬೂರು ಕಡಲತೀರಕ್ಕೂ ಕದ್ರಿ ದೇವಸ್ಥಾನಕ್ಕೂ ನಡುವೆ ಕಾಲು ಗಂಟೆ ಒಳಗೆ ಹೊಕ್ಕು, ‘ಅಬ್ಬಾ’ ಎಂದು ಹೊರಬಂದಿದೆ. ಆ ‘ಅಬ್ಬಾ’ದ ನಂತರವೂ ಕೂತಿದ್ದರೆ ಏನಾಗುತ್ತದೆ ಎನ್ನುವುದೇ ನನ್ನ ವಿಷಯ.

ಒಳಗೆ ಫೋಟೊ ತೆಗೆಯುವಂತಿಲ್ಲ. ನನ್ನ ಮಟ್ಟಿಗೆ ಇದು ಆ ಜಾಗದ ದೊಡ್ಡ ಉಪಕಾರ. ಮೊಬೈಲು ಜೇಬಿಗಿಳಿದರೆ ಕಣ್ಣಿಗೆ ಕೆಲಸ ಬರುತ್ತದೆ. ಬೆಂಚಿನಲ್ಲಿ ಕೂತವನಿಗೆ ಮೊದಲು ಕಾಣುವುದು ಕಂಬ, ಕಮಾನು, ಕೆತ್ತನೆಯ ಅಂಚುಪಟ್ಟಿಗಳ ಭಾರ. ಇಷ್ಟು ಕಲ್ಲುಕೆಲಸವನ್ನು ಯಾರು ಮಾಡಿದರು ಎಂದುಕೊಂಡೆ. ಎದ್ದುಹೋಗಿ ಒಂದು ಕಂಬದ ಪಕ್ಕದಲ್ಲಿ, ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಓರೆಯಾಗಿ ನೋಡಿದೆ. ಉಬ್ಬು ಇಲ್ಲ, ತಗ್ಗು ಇಲ್ಲ. ಸಪಾಟು ಗೋಡೆ. ಕಂಬದ ಒಂದು ಬದಿಗೆ ತೆಳು ಬಿಳುಪು, ಇನ್ನೊಂದು ಬದಿಗೆ ಕಂದು ನೆರಳು, ನೆರಳಿನ ಅಂಚಿಗೆ ಅದಕ್ಕಿಂತ ಕಪ್ಪಾದ ಒಂದು ಗೆರೆ. ಅಷ್ಟರಿಂದ ಕಲ್ಲು ಹುಟ್ಟಿದೆ. ಎರಡು ಹೆಜ್ಜೆ ಹಿಂದೆ ಸರಿದರೆ ಮತ್ತೆ ಕಂಬ. ಗುಟ್ಟು ಗೊತ್ತಾದ ಮೇಲೂ ಕಣ್ಣು ಮೋಸ ಹೋಗುವುದನ್ನು ಬಿಡಲಿಲ್ಲ. ಗುಬ್ಬಿ ನಾಟಕ ಕಂಪನಿಯ ಅರಮನೆ ಪರದೆಯ ಮುಂದೆ ಕೂತ ಪ್ರೇಕ್ಷಕನಿಗೆ ಆಗುತ್ತಿದ್ದದ್ದೂ ಇದೇ ಇರಬೇಕು.

ಈ ಕಣ್ಕಟ್ಟಿನ ವಂಶಾವಳಿ ಹಿಡಿದು ಹೊರಟರೆ ಸಿಗುವುದು ರೋಮಿನ ಅದೇ ಇಗರ್ಜಿ. ಸಂತ ಇಗ್ನೇಷಿಯಸ್ ಇಗರ್ಜಿಗೆ ಗುಮ್ಮಟ ಕಟ್ಟಬೇಕಿತ್ತು, ಕಟ್ಟಲಾಗಲಿಲ್ಲ. 1685ರಲ್ಲಿ ಆಂದ್ರೆಯಾ ಪೊತ್ಸೊ ಎಂಬಾತ ಸುಮಾರು 17 ಮೀಟರ್ ಅಗಲದ ಕ್ಯಾನ್ವಾಸ್ ಮೇಲೆ ಗುಮ್ಮಟದ ಒಳಭಾಗವನ್ನು ಬರೆದು, ಅದನ್ನು ಆ ಜಾಗಕ್ಕೆ ಮಲಗಿಸಿಬಿಟ್ಟ. ನೆಲದಲ್ಲಿ ಗುರುತು ಹಾಕಿದ ಜಾಗದಲ್ಲಿ ನಿಂತರೆ ಗುಮ್ಮಟ ಆಕಾಶಕ್ಕೇರುತ್ತದೆ. ಗುರುತು ದಾಟಿ ನಡೆದರೆ ವಾಲಿ ಕುಸಿಯುತ್ತದೆ. ಆಮೇಲೆ ಅವನು ಇಡೀ ನಡುಮಾಳಿಗೆಯನ್ನೂ ಇದೇ ಲೆಕ್ಕದಲ್ಲಿ ಬರೆದ. ಈ ದೃಷ್ಟಿಗಣಿತವನ್ನು ಕಲಿಸಲು 1693ರಲ್ಲಿ ಒಂದು, 1700ರಲ್ಲಿ ಇನ್ನೊಂದು ಸಂಪುಟ ಹೊರತಂದ. ಆ ಪುಸ್ತಕ ಪೀಕಿಂಗಿನವರೆಗೂ ಹೋಯಿತು. ಪೊತ್ಸೊ ಪಾದ್ರಿಯಲ್ಲ, ಯೇಸುಸಭೆಯ (ಜೆಸ್ಯೂಟ್) ಬ್ರದರ್, ಅಂದರೆ ಪೂಜೆ ನಡೆಸುವ ದೀಕ್ಷೆ ಇಲ್ಲದ, ಕೈಕೆಲಸದಲ್ಲೇ ಸೇವೆ ಸಲ್ಲಿಸುವ ಸಹೋದರ. ಮಂಗಳೂರಿನ ಗೋಡೆಗಳನ್ನು ಬರೆದ ಅಂತೋನಿಯೊ ಮೊಸ್ಕೇನಿಯೂ ಯೇಸುಸಭೆಯ ಬ್ರದರ್ರೇ. ಇನ್ನೊಂದು ಗಂಟು ಇದೆ: 1591ರಲ್ಲಿ ರೋಮಿನ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 23ರ ಪ್ರಾಯದಲ್ಲೇ ತೀರಿಕೊಂಡ ಸಂತ ಅಲೋಶಿಯಸ್ ಗೊನ್ಸಾಗನ ಅಸ್ಥಿ ಇರುವುದು ಪೊತ್ಸೊ ಬರೆದ ಆ ಇಗರ್ಜಿಯ ಒಂದು ಬಲಿಪೀಠದಲ್ಲಿ, ಆ ಬಲಿಪೀಠದ ವಿನ್ಯಾಸವೂ ಪೊತ್ಸೊನದೇ. ಅದೇ ಗೊನ್ಸಾಗನ ಬದುಕು ಮಂಗಳೂರಿನ ಚಾಪೆಲ್ಲಿನ ಮಾಳಿಗೆಯಲ್ಲಿ ಒಂದೊಂದೇ ಚೌಕಟ್ಟಾಗಿ ಹರಡಿದೆ. ಇಷ್ಟು ಗಟ್ಟಿ ನಂಟಿರುವಾಗ ಪ್ರವಾಸಿ ಕೈಪಿಡಿಗಳು ‘ದಕ್ಷಿಣದ ಸಿಸ್ಟೀನ್ ಚಾಪೆಲ್’ ಎಂದು ಬಿರುದು ಕೊಟ್ಟು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಮೈಕೆಲಾಂಜೆಲೊ ಪಕ್ಕದಲ್ಲಿ ನಿಲ್ಲಿಸಿದರೆ ಮೊಸ್ಕೇನಿ ಕುಬ್ಜನಾಗುತ್ತಾನೆ. ಪೊತ್ಸೊನ ಪಕ್ಕದಲ್ಲಿ ನಿಲ್ಲಿಸಿದರೆ ತನ್ನ ಮನೆತನದ ವಿದ್ಯೆಯನ್ನು ದೂರದೂರಿಗೆ ಹೊತ್ತುತಂದ ಮೊಮ್ಮಗನಂತೆ ಕಾಣುತ್ತಾನೆ.

ಮೊಸ್ಕೇನಿಯ ಕಥೆ ಚಿಕ್ಕದು. ಉತ್ತರ ಇಟಲಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊದಲ್ಲಿ 1854ರಲ್ಲಿ ಹುಟ್ಟಿದ. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಕಲಿತ. ಊರ ಸುತ್ತಿನ ಇಗರ್ಜಿಗಳಲ್ಲಿ ಬರೆದು ಹೆಸರು ಮಾಡಿದವನು ನಡುವಯಸ್ಸಿನಲ್ಲಿ, 1889ರಲ್ಲಿ ಯೇಸುಸಭೆ ಸೇರಿದ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದಿದ್ದ ಯೇಸುಸಭೆಯವರು ವೆನಿಸ್ ಪ್ರಾಂತ್ಯದವರು. ಅವರು ಕಾಲೇಜು ಕಟ್ಟಿ, ಚಾಪೆಲ್ ಕಟ್ಟಿ, ಗೋಡೆ ಬೋಳಾಗಿದೆಯೆಂದು ಊರಿನಿಂದ ಚಿತ್ರಕಾರನನ್ನು ಕರೆಸಿದರು. 1899ರಲ್ಲಿ ಕುಂಚ ಹಿಡಿದವನು ಎರಡು ವರ್ಷದ ಆಸುಪಾಸಿನಲ್ಲಿ ಮುಗಿಸಿದ.

ಗೋಡೆಗೆ ಅವನು ಆರಿಸಿಕೊಂಡದ್ದು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಒಣಗುತ್ತ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ತಪ್ಪಿದರೆ ಅಳಿಸುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆಯಬೇಕು. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟಕ್ಕೆ ಮಾತ್ರ ಗಾರೆ ಬಳಿಯುತ್ತಾರೆ. ಹಾಗಾಗಿ ಫ್ರೆಸ್ಕೊ ಗೋಡೆಯಲ್ಲಿ ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸಣ್ಣ ಅಂಚು ಉಳಿಯುತ್ತದೆ. ಆ ಅಂಚಿಗಾಗಿ ನಾನು ತುಂಬ ಹೊತ್ತು ಹುಡುಕಿದೆ. ಒಬ್ಬ ಸಂತನ ಭುಜದ ಪಕ್ಕ ಕೂದಲೆಳೆಯಂಥ ಗೆರೆಯೊಂದು ಕಂಡಿತು. 1990ರ ದಶಕದಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಇಲ್ಲಿ ದುರಸ್ತಿ ಮಾಡಿದ್ದಾರೆ, ಅದರ ಗುರುತೂ ಇರಬಹುದು. ಆದರೂ 125 ವರ್ಷದ ಹಿಂದೆ ಒಬ್ಬ ಮನುಷ್ಯ ‘ಇವತ್ತಿಗೆ ಇಷ್ಟು ಸಾಕು’ ಎಂದು ಅಟ್ಟಣಿಗೆಯಿಂದ ಇಳಿದ ಜಾಗ ಅದೆಂದೇ ನನ್ನ ಮನಸ್ಸು ಹಟ ಹಿಡಿಯಿತು. ಮಾಳಿಗೆಯದು ಬೇರೆ ಕಸುಬು: ಅಲ್ಲಿ ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಮಂಗಳೂರಿನ ಮಳೆಗಾಲ ಹೆಂಚಿನಡಿಯ ಬಟ್ಟೆಯನ್ನು ಸುಮ್ಮನೆ ಬಿಡುತ್ತದೆಯೇ?

ನಮ್ಮ ಕರಾವಳಿಗೆ ಸುಣ್ಣದ ಮೇಲಿನ ಚಿತ್ರ ಹೊಸದೇನಲ್ಲ. ಕುಮಟಾ, ಅಂಕೋಲಾ ಕಡೆಯ ಗುಡಿಗಳಲ್ಲಿ ಕಾವಿ ಕಲೆ ಇದೆ: ಸುಣ್ಣದ ಗಾರೆಗೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿಯಲ್ಲೇ ಕೆರೆದು, ಒಳಗಿನ ಬಿಳುಪನ್ನು ಹೊರತರುವ ಕಲೆ. ಮೊಸ್ಕೇನಿ ಅದನ್ನು ಕಂಡಿದ್ದನೋ ಇಲ್ಲವೋ, ಇಬ್ಬರೂ ಗಾರೆ ಒಣಗುವುದರೊಳಗೆ ಕೈ ಓಡಿಸಿದವರು.

ಬರೆಯುವವನಿಗೆ ಅವಸರವಿರಬಹುದು, ನೋಡುವವನಿಗೆ ನಿಧಾನ ಬೇಕು. ಇಟಲಿಯಿಂದ ಬಂದು ನಮ್ಮ ನಾಡನ್ನು ನಿಧಾನವಾಗಿ ನೋಡಿದ ಪಿಯೆತ್ರೊ ದೆಲ್ಲಾ ವಾಲ್ಲೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. 1614ರಲ್ಲಿ ವೆನಿಸಿನಿಂದ ಹಡಗು ಹತ್ತಿದ ಈ ರೋಮಿನ ಶ್ರೀಮಂತ ಮನೆಗೆ ಮರಳಿದ್ದು 1626ರಲ್ಲಿ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೋದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ನುಣುಪು ಮರಳು ಹರವಿ, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ನಿಂತು ನೋಡಿದ. ಕೇಳಿ, ತಿಳಿದು ಬರೆದಿಟ್ಟ. ಆಮೇಲೆ ಮಂಗಳೂರಿಗೆ ಇಳಿದು, ಕಾಲುವೆ ಕೆಲಸ ನೋಡಲು ಬರಿಗಾಲಲ್ಲಿ ನಡೆದು ಹೊರಟಿದ್ದ ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ಕಂಡು ಮಾತಾಡಿಸಿದ. ಅವನು ನೇಪಲ್ಸಿನ ಗೆಳೆಯನಿಗೆ ಬರೆದ ಪತ್ರಗಳಿಂದ ನಮ್ಮ ಚರಿತ್ರೆಗೆ ಸಿಕ್ಕಿರುವುದು ಇಂಥ ಚೂರುಗಳು. ಅವಸರದವನಾಗಿದ್ದರೆ ಮರಳಿನ ಮೇಲಿನ ಅಂಕಿ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೊಸ್ಕೇನಿಗೆ ಹಿಂತಿರುಗಿದರೆ, ಮಂಗಳೂರು ಮುಗಿಸಿ ಅವನು ಕೇರಳದ ಕಡೆಗೂ ಹೋದ. ಕೊಚ್ಚಿ ಕೋಟೆಯ ಸಾಂತಾ ಕ್ರೂಸ್ ಕೆಥೆಡ್ರಲ್‌ನಲ್ಲಿ ಅವನ ಕೈಯ ಚಿತ್ರಗಳಿವೆ, ಲಿಯೊನಾರ್ದೊನನ್ನು ಅನುಸರಿಸಿದ ಕಡೆಯ ಭೋಜನವೂ ಇದೆ. 1905ರ ನವೆಂಬರಿನಲ್ಲಿ, ಆ ಕೆಥೆಡ್ರಲ್‌ನ ಪ್ರತಿಷ್ಠೆಗೆ ಕೆಲವೇ ದಿನ ಮೊದಲು ಅವನು ಅಲ್ಲೇ ತೀರಿಕೊಂಡ. ಇಟಲಿಗೆ ಮರಳಲಿಲ್ಲ.

ಹೋಗುವವರಿಗೆ ಎರಡು ಮಾತು. ಬೆಂಗಳೂರಿನಿಂದ ಹಗಲು ರೈಲು ಸಿಕ್ಕಿದರೆ ಅದರಲ್ಲೇ ಹೋಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ 57 ಸುರಂಗಗಳ ಕತ್ತಲು-ಬೆಳಕು ಕಣ್ಣನ್ನು ಒಳ್ಳೆಯ ಹದಕ್ಕೆ ತರುತ್ತದೆ. ಚಾಪೆಲ್ಲಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ, ಆ ಹೊತ್ತು ತಪ್ಪಿಸಿ. ಮೊದಲು ಗೋಡೆ ನೋಡಿ, ಆಮೇಲೆ ಮಾಳಿಗೆ. ಸಣ್ಣದೊಂದು ದುರ್ಬೀನು ಜೊತೆಗಿರಲಿ, ಮೇಲಿನ ಹೂಮಾಲೆಗಳ ಸೂಕ್ಷ್ಮ ಬರಿಗಣ್ಣಿಗೆ ಕಾಣುವುದಿಲ್ಲ. ಹೊರಡುವ ಮುನ್ನ ತಿರುಗಿ ಬಾಗಿಲ ಕಡೆಯ ಗೋಡೆ ನೋಡುವುದನ್ನು ಮರೆಯಬೇಡಿ. ಮಕ್ಕಳ ನಡುವೆ ಕೂತ ಯೇಸುವಿನ ಚಿತ್ರ ಅಲ್ಲಿದೆ, ಬಲಿಪೀಠದ ಕಡೆ ಮುಖ ಮಾಡಿ ಕೂತ ಬಹಳ ಮಂದಿ ಅದನ್ನು ಕಾಣದೆ ಹೋಗುತ್ತಾರೆ.