ಹಳೇ ಮನೆಯ ಲೈಟ್ ಲೈನಿಗೆ ಅರ್ಥಿಂಗ್ ಇದೆಯಾ? ನೋಡೋದು ಹೇಗೆ?

ಶಿಕಾರಿಪುರ, ಸೊರಬ ಕಡೆಯ ಹಳೇ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದ ವೈರಿಂಗ್ ಇನ್ನೂ ಕಾಣಸಿಗುತ್ತೆ. ಮರದ ಬೋರ್ಡು, ಕಪ್ಪು ಬೇಕಲೈಟ್ ಸ್ವಿಚ್ಚು, ತೊಲೆಯಿಂದ ನೇತಾಡುವ ಹೋಲ್ಡರು. ಇಂಥ ಕಡೆ ಲೈಟ್ ಲೈನಿಗೆ ಹೆಚ್ಚಾಗಿ ಎರಡೇ ವೈರು: ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಕೈ ತಾಗುವ ಜಾಗದಲ್ಲೆಲ್ಲ ಮರ ಅಥವಾ ಬೇಕಲೈಟ್ ಇದ್ದಿದ್ದರಿಂದ ಮೂರನೇ ವೈರಿನ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ವೈರಿಂಗ್ ಹಾಗೇ ಉಳೀತು, ಅದಕ್ಕೆ ಸೇರಿಸಿದ್ದು ಮಾತ್ರ ಬದಲಾಯ್ತು. ತಗಡಿನ ಟ್ಯೂಬ್‌ಲೈಟ್ ಪಟ್ಟಿ, ಫ್ಯಾನು, ಕಬ್ಬಿಣದ ಸ್ವಿಚ್ ಬಾಕ್ಸು, ಅಂಗಳದ ಎಲ್‌ಇಡಿ ಫ್ಲಡ್‌ಲೈಟು. ಎಲ್ಲದಕ್ಕೂ ಲೋಹದ ಮೈ. ಒಳಗೆ ಫೇಸ್ ವೈರಿನ ಇನ್ಸುಲೇಷನ್ ಸುಲಿದು ಆ ಮೈಗೆ ತಾಗಿದರೆ ಲೈಟ್ ಆರಲ್ಲ, ಅರ್ಥ್ ಇಲ್ಲದಿದ್ದರೆ ಫ್ಯೂಸೂ ಹೋಗಲ್ಲ. 230 ವೋಲ್ಟ್ ಸುಮ್ಮನೆ ಅಲ್ಲೇ ಇರುತ್ತೆ. ಮಳೆಗಾಲದಲ್ಲಿ ಗೋಡೆ ಒದ್ದೆ, ನೆಲ ಒದ್ದೆ, ಮನೆಯವರು ಬರಿಗಾಲು. ಆಗ ಮುಟ್ಟಿದವರ ಮೈಯೇ ಅರ್ಥ್ ವೈರು.

ಹಸಿರು ವೈರು ಇದ್ದರೆ ಸಾಕಾ?

ಸಾಲದು. ಲೋಹದ ಮೈಯಿಂದ ಮೇನ್ ಬೋರ್ಡಿನ ಅರ್ಥ್ ಟರ್ಮಿನಲ್‌ವರೆಗೆ ಎಲ್ಲೂ ತುಂಡಾಗದೆ ದಾರಿ ಇರಬೇಕು. ಅದಕ್ಕೇ ಕಂಟಿನ್ಯುಟಿ ಅನ್ನೋದು. ಹಳೇ ಮನೆಗಳಲ್ಲಿ ಈ ದಾರಿ ತಪ್ಪುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಬೋರ್ಡಿನೊಳಗೆ ಹಸಿರು ವೈರನ್ನು ಕತ್ತರಿಸಿ ಮಡಚಿಟ್ಟಿರುತ್ತಾರೆ. ಅಟ್ಟದ ಮೇಲೆ ತಿರುಚಿ ಸೇರಿಸಿದ ಬರಿ ತಂತಿ ತುಕ್ಕು ಹಿಡಿದಿರುತ್ತೆ, ಇಲ್ಲವೇ ಇಲಿ ಕಡಿದಿರುತ್ತೆ. ಕೆಲವು ಕಡೆ ನಲ್ಲಿಯ ಕಬ್ಬಿಣದ ಪೈಪಿಗೇ ಅರ್ಥ್ ಸುತ್ತಿರುತ್ತಾರೆ. ಮುಂದೆ ಯಾವಾಗಲೋ ಪ್ಲಂಬರ್ ಮಧ್ಯೆ ಒಂದು ಮೀಟರ್ ಪಿವಿಸಿ ಹಾಕಿದ ದಿನವೇ ಆ ಅರ್ಥಿಂಗ್ ಮುಗೀತು.

ಟೆಸ್ಟ್ ಮಾಡುವ ಮೊದಲು

ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ನಮ್ಮ ಕಡೆ ಮರೆಯುವ ಸಂಗತಿ ಇನ್ವರ್ಟರ್. ಮೇನ್ ತೆಗೆದರೂ ಲೈಟ್ ಲೈನಿಗೆ ಅದು ಕರೆಂಟ್ ಕೊಡುತ್ತಲೇ ಇರುತ್ತೆ. ಅದನ್ನೂ ಆಫ್ ಮಾಡಿ ಔಟ್‌ಪುಟ್ ಬಿಡಿಸಿ. ಟೆಸ್ಟರ್ ಸ್ಕ್ರೂಡ್ರೈವರ್ ಮಿನುಗಲಿಲ್ಲ ಅಂತ ನಂಬಬೇಡಿ, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಸೊನ್ನೆ ಅಂತ ನೋಡಿ. ಬೋರ್ಡ್ ಬಿಚ್ಚುವ ಕೆಲಸವನ್ನು ಪರ್ಮಿಟ್ ಇರುವ ವೈರ್‌ಮನ್ ಮಾಡಲಿ, ನಾವು ಮೀಟರ್ ಹಿಡಿದು ಪಕ್ಕದಲ್ಲಿರೋಣ.

ಉದ್ದ ವೈರಿನ ವಿಧಾನ

ಇಪ್ಪತ್ತು ಮೀಟರ್ ವೈರು ತಗೊಳ್ಳಿ. ಒಂದು ತುದಿಯನ್ನು ಮೇನ್ ಬೋರ್ಡಿನ ಅರ್ಥ್ ಟರ್ಮಿನಲ್‌ಗೆ ಕಟ್ಟಿ, ಇನ್ನೊಂದನ್ನು ಮೀಟರಿನ ಒಂದು ಪ್ರೋಬಿಗೆ. ಎರಡನೇ ಪ್ರೋಬನ್ನು ಒಂದೊಂದೇ ಪಾಯಿಂಟಿನ ಲೋಹದ ಮೈಗೆ ಒತ್ತಿ. ಬಣ್ಣ ಬಳಿದಿದ್ದರೆ ಸ್ಕ್ರೂ ಮೇಲೆ ಒತ್ತಬೇಕು, ಬಣ್ಣದ ಮೇಲಲ್ಲ. ಬಂದ ರೀಡಿಂಗ್‌ನಿಂದ ಉದ್ದ ವೈರಿನ ಮತ್ತು ಪ್ರೋಬುಗಳ ರೆಸಿಸ್ಟೆನ್ಸ್ ಕಳೆಯಿರಿ.

ಎಷ್ಟು ಬರಬೇಕು? 1.5 ಚದರ ಮಿ.ಮೀ. ತಾಮ್ರದ ವೈರಿಗೆ ನೂರು ಮೀಟರಿಗೆ ಸುಮಾರು 1.2 ಓಮ್. ಅಂದರೆ ಇಪ್ಪತ್ತು ಮೀಟರಿಗೆ ಕಾಲು ಓಮ್ ಆಸುಪಾಸು. ಆರೇಳು ಓಮ್ ತೋರಿಸಿದರೆ ನಡುವೆ ಎಲ್ಲೋ ಜಾಯಿಂಟ್ ಕೆಟ್ಟಿದೆ. ಇಲ್ಲಿ ಬೀಪ್ ಮೋಡ್ ಮೋಸ ಮಾಡುತ್ತೆ: ಹಲವು ಮೀಟರ್‌ಗಳು 30 ಓಮ್ ಇದ್ದರೂ ಬೀಪ್ ಅನ್ನುತ್ತವೆ. ಕಿವಿ ಬಿಟ್ಟು ನಂಬರ್ ನೋಡಿ.

ಮಲ್ಟಿಮೀಟರ್ ಕಳಿಸೋದು ತೀರಾ ಕಡಿಮೆ ಕರೆಂಟು. ಕಂಟಿನ್ಯುಟಿಗೇ ಅಂತ ಮಾಡಿದ ಟೆಸ್ಟರ್‌ಗಳು ಕನಿಷ್ಠ 200 ಮಿಲಿಆಂಪ್ ಕಳಿಸುತ್ತವೆ. ಅದಿಲ್ಲದಿದ್ದರೆ 12 ವೋಲ್ಟ್ ಬ್ಯಾಟರಿ ಮತ್ತು 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಇದೇ ದಾರಿಯಲ್ಲಿ ಸೀರೀಸ್ ಹಾಕಿ. ಆ ಬಲ್ಬ್ ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 7 ಓಮ್. ದಾರಿಯಲ್ಲಿ ಇನ್ನೊಂದು 5 ಓಮ್ ಸೇರಿದರೆ ಬಲ್ಬ್ ಮಂಕಾಗೋದು ಕಣ್ಣಿಗೇ ಕಾಣುತ್ತೆ.

ಕಂಟಿನ್ಯುಟಿ ಹೇಳದ ವಿಷಯ

ರೀಡಿಂಗ್ ಚೆನ್ನಾಗಿ ಬಂತು ಅಂದರೆ ಮೇನ್ ಬೋರ್ಡಿನವರೆಗೆ ದಾರಿ ಸರಿ ಇದೆ, ಅಷ್ಟೇ. ಅಲ್ಲಿಂದ ಮುಂದೆ ಅರ್ಥ್ ಗುಂಡಿ ಹೇಗಿದೆ ಅಂತ ಈ ಟೆಸ್ಟ್ ಹೇಳಲ್ಲ. ಬೇಸಿಗೆಯಲ್ಲಿ ನೆಲ ಒಣಗಿದಾಗ ಗುಂಡಿಯ ರೆಸಿಸ್ಟೆನ್ಸ್ ಏರುತ್ತೆ. ಅದು 20 ಓಮ್ ಅಂತಿಟ್ಟುಕೊಳ್ಳಿ. ಕರೆಂಟು ಆ ಗುಂಡಿಯ ಮೂಲಕವೇ ವಾಪಸ್ ಹೋಗಬೇಕಾದರೆ, ಓಮ್ ನಿಯಮದ ಪ್ರಕಾರ ಹರಿಯೋದು ಹೆಚ್ಚೆಂದರೆ 230 ಭಾಗಿಸು 20, ಅಂದರೆ 11.5 ಆಂಪ್. 6 ಆಂಪಿನ ಸಿ ಟೈಪ್ ಎಂಸಿಬಿ ತಕ್ಷಣ ಬೀಳಲು ಅದರ 5ರಿಂದ 10 ಪಟ್ಟು, ಅಂದರೆ 30ರಿಂದ 60 ಆಂಪ್ ಬೇಕು.

ಅದಕ್ಕೇ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕಾಗೋದು. ಹಾಗಂತ ಅದೊಂದನ್ನೇ ಹಾಕಿ ಅರ್ಥ್ ಬಿಟ್ಟರೆ, ಯಾರಾದರೂ ಮುಟ್ಟಿ ಅವರ ಮೈಯಲ್ಲಿ ಕರೆಂಟ್ ಹರಿದ ಮೇಲೇ ಅದು ಬೀಳೋದು. ಅರ್ಥ್ ವೈರ್ ಸರಿ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತೆ. ಎರಡೂ ಬೇಕು. ಮಳೆಗಾಲದಲ್ಲಿ ಅದು ಪದೇಪದೇ ಬೀಳುತ್ತೆ ಅಂತ ಬೈಪಾಸ್ ಮಾಡಿಸಬೇಡಿ. ಎಲ್ಲೋ ನೀರು ಇಳೀತಿದೆ ಅಂತ ಅದು ಹೇಳ್ತಿರಬಹುದು, ಹುಡುಕಿಸಿ. ಅರ್ಥ್ ಸಿಗಲಿಲ್ಲ ಅಂತ ನ್ಯೂಟ್ರಲ್‌ಗೆ ಸೇರಿಸೋದಂತೂ ಬೇಡವೇ ಬೇಡ: ನ್ಯೂಟ್ರಲ್ ಎಲ್ಲಾದರೂ ಕಟ್ ಆದರೆ ಲೋಹದ ಮೈಗೆಲ್ಲ ಫೇಸ್ ಬರುತ್ತೆ.

ಕಂಬದಿಂದ ಮೀಟರ್‌ವರೆಗೆ ಮೆಸ್ಕಾಂ ನೋಡಿಕೊಳ್ಳುತ್ತೆ. ಮೀಟರ್‌ನಿಂದ ಒಳಗೆ ಮನೆಯವರದ್ದೇ ಜವಾಬ್ದಾರಿ, ಅಂದರೆ ನಮ್ಮದು. ಈ ಸಲ ರಜೆಗೆ ಊರಿಗೆ ಹೋದಾಗ ವೈರ್‌ಮನ್ ಅಣ್ಣನನ್ನು ಕರೆಸಿ, ಪಾಯಿಂಟ್ ಪಾಯಿಂಟಿಗೂ ರೀಡಿಂಗ್ ತೆಗೆದು ಒಂದು ಹಾಳೆಯಲ್ಲಿ ಬರೆದು ಮೇನ್ ಬೋರ್ಡಿನ ಪಕ್ಕ ಅಂಟಿಸೋಣ. ಮುಂದಿನ ವರ್ಷ ಮತ್ತೆ ತೆಗೆದಾಗ ಯಾವ ಜಾಯಿಂಟ್ ಹದಗೆಡುತ್ತಿದೆ ಅಂತ ಆ ಹಾಳೆಯೇ ಹೇಳುತ್ತೆ.